ಹಳೆಯ ಮೋಟಾರುಗಳ ಘಟ್ಟಯಾತ್ರೆ

ನಮ್ಮ ಪಟ್ಟಣಗಳಲ್ಲಿ ಹಳೆಯ ಮೋಟಾರು ಗಾಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ಮಹನೀಯರು ಹಲವರಿದ್ದಾರೆ. ವರ್ಷಕ್ಕೊಮ್ಮೆ ಅವುಗಳನ್ನು ತೊಳೆದು ಒರಸಿ, ಹಾರ ಹಾಕಿ, ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಸಂಜೆಗೆ ಮನೆಗೆ ಕೊಂಡೊಯ್ಯುವುದು ವಾಡಿಕೆ. ಓಡುವುದಕ್ಕೆಂದು ಹುಟ್ಟಿದ ಗಾಡಿಗೆ ಇಷ್ಟು ಸಾಲದು. ಹತ್ತಾರು ಗಾಡಿಗಳು ಕೂಡಿ ಮಲೆನಾಡನ್ನು ಸುತ್ತಿ ಬರಬೇಕೆಂಬ ಅಭಿಲಾಷೆ ಸ್ತುತ್ಯವಾದುದೇ ಸರಿ. ಆದರೆ ಅದನ್ನು ಮದುವೆಯ ದಿಬ್ಬಣದಂತೆ ಹೊರಡಿಸಿಬಿಟ್ಟರೆ ಅನರ್ಥವಾದೀತೆಂದು ಹೇಳುವುದು ನಮ್ಮ ಕರ್ತವ್ಯ.

ಇಟಲಿ ದೇಶದ ಅನುಭವವನ್ನು ನೋಡಬಹುದು. ಬ್ರೇಷಿಯಾದಿಂದ ರೋಮಿಗೆ ಹೋಗಿ ಮರಳುವ, ಸಾವಿರ ಮೈಲಿಗಳ 'ಮಿಲ್ಲೆ ಮಿಲ್ಯಾ' ಎಂಬ ಪಂದ್ಯ 1927ರಲ್ಲಿ ಮೊದಲಾಯಿತು. 1957ರಲ್ಲಿ ಒಂದು ಗಾಡಿಯ ಟಯರು ಸಿಡಿದು, ಅದು ದಾರಿಬದಿಯ ಜನರ ಮೇಲೆ ನುಗ್ಗಿತು. ಒಂಬತ್ತು ಮಂದಿ ಪ್ರೇಕ್ಷಕರು ಸತ್ತರು. ಅವರಲ್ಲಿ ಐವರು ಮಕ್ಕಳು. ಪಂದ್ಯ ನಿಂತುಹೋಯಿತು. 1977ರಿಂದೀಚೆಗೆ ಅದೇ ಹೆಸರಿನಿಂದ ಹಳೆಯ ಗಾಡಿಗಳು ಮತ್ತೆ ಓಡುತ್ತಿವೆ. ಆದರೆ ಅಲ್ಲಿ ಮೆಚ್ಚುಗೆ ಸಲ್ಲುವುದು ಮುಂದೆ ಬಂದವನಿಗಲ್ಲ, ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಬಂದವನಿಗೆ.

ಬೆಂಗಳೂರಿನಿಂದ ಹೊರಡುವವರಿಗೆ ಮೊದಲ ದಿನ ಹಾಸನ ಸಾಕು. ಅದೇ ಸುಮಾರು 185 ಕಿಲೋಮೀಟರು. ಎರಡನೆಯ ದಿನ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಗಳ ಮೇಲೆ ಚಾರ್ಮಾಡಿಯನ್ನಿಳಿದು ಧರ್ಮಸ್ಥಳ ಸೇರಬಹುದು. ಅಲ್ಲಿಯ ಮಂಜೂಷಾ ವಸ್ತುಸಂಗ್ರಹಾಲಯದವರ ಹಳೆಯ ಗಾಡಿಗಳ ಸಂಗ್ರಹವು ಅರ್ಧ ದಿನದ ನೋಟಕ್ಕೆ ತಕ್ಕುದು. ಶಿರಾಡಿಯ ದಾರಿ ಲಾರಿಗಳ ದಾರಿ, ಬೇಡ. ಮುಂದೆ ಕಾರ್ಕಳ, ಹೆಬ್ರಿ. ಮರುದಿನ ಬೆಳಗಿನ ತಂಪಿನಲ್ಲಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನೇರಿ ತೀರ್ಥಹಳ್ಳಿಯ ಮೇಲೆ ಶಿವಮೊಗ್ಗ. ಅಲ್ಲಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿನ ಹತ್ತಿರ; ಒಂದೇ ದಿನದಲ್ಲಿ ಮುಗಿಸುವ ಹಟ ತರವಲ್ಲ, ಅರಸೀಕೆರೆಯಲ್ಲೋ ತಿಪಟೂರಿನಲ್ಲೋ ತಂಗತಕ್ಕದ್ದು. ಹಳೆಯ ದೀಪಗಳ ಬೆಳಕನ್ನು ನಂಬಿ ಕತ್ತಲಲ್ಲಿ ಓಡಿಸುವುದು ಅವಿವೇಕ. ಮಳೆಗಾಲದ ಮಾತೇ ಬೇಡ. 2019ರಲ್ಲಿ ಗುಡ್ಡ ಕುಸಿದು ಚಾರ್ಮಾಡಿಯ ದಾರಿ ಮುಚ್ಚಿದುದನ್ನು ವಾಚಕರು ಮರೆತಿರಲಾರರು.

ಘಟ್ಟ ಏರುವುದೇ ಕಷ್ಟವೆಂದು ಜನ ತಿಳಿದಿದ್ದಾರೆ. ಏರುವಾಗ ಕುದಿದ ಗಾಡಿ ತಾನಾಗಿ ನಿಲ್ಲುತ್ತದೆ. ಇಳಿಯುವಾಗ ಬ್ರೇಕು ಸೋತ ಗಾಡಿ ನಿಲ್ಲುವುದಿಲ್ಲ. ಅಂದಿನ ಡ್ರಮ್ ಬ್ರೇಕುಗಳು ಎಡೆಬಿಡದೆ ಒತ್ತಿದರೆ ಕಾದು ಹಿಡಿತ ಕಳೆದುಕೊಳ್ಳುವುವು. ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಡ್ರೈವರುಗಳ ನಿಯಮವನ್ನು ಹೊರಡುವ ಮುನ್ನವೇ ಎಲ್ಲರ ಕಿವಿಗೂ ಹಾಕತಕ್ಕದ್ದು.

ಕೆಲವು ವರ್ಷಗಳ ಕೆಳಗೆ ಇಂತಹ ಒಂದು ತಂಡದೊಡನೆ ನಾವೂ ಹೋಗಿದ್ದೆವು. ವೇಗದ ಗಾಡಿಗಳವರು ಊಟದ ಸ್ಥಳ ಸೇರಿ ಪಾಯಸ ಮುಗಿಸಿದ ಮೇಲೆಯೇ ಒಂದು ಗಾಡಿ ಬಂದಿಲ್ಲವೆಂದು ತಿಳಿದುಬಂದುದು. ಅದರ ಒಡೆಯರಾದ ವೃದ್ಧರು ನೆರಳಿಲ್ಲದ ಕಡೆ ನಿಂತು, ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಅವಸರದಿಂದ ತೆರೆದು ಕೈ ಸುಟ್ಟುಕೊಂಡಿದ್ದರು. ಎಲ್ಲಕ್ಕಿಂತ ನಿಧಾನದ ಗಾಡಿ ಮುಂದಿರಲಿ, ಪ್ರತಿಯೊಬ್ಬನೂ ತನ್ನ ಹಿಂದಿನವನ ಮೇಲೆ ಕಣ್ಣಿಡಲಿ, ಕೊನೆಯಲ್ಲಿ ಗಾಡಿ ಹೊರುವ ಲಾರಿಯೊಂದು ಬರಲಿ ಎಂದು ನಾವು ಒತ್ತಿ ಹೇಳುವುದು ಇದರಿಂದಲೇ.

ಇನ್ನು ಕಾನೂನು. 2021ರ ಕೇಂದ್ರ ನಿಯಮಗಳ ಪ್ರಕಾರ, ಐವತ್ತು ವರ್ಷ ಮೀರಿ ಮೂಲಸ್ವರೂಪ ಕೆಡದ ಗಾಡಿಗೆ 'ವಿಎ' ಅಕ್ಷರಗಳ ನಂಬರು ದೊರೆಯುತ್ತದೆ. ಹಾಗೆ ನೋಂದಾಯಿತವಾದುದನ್ನು ನಿತ್ಯದ ಓಡಾಟಕ್ಕೆ ಬಳಸಕೂಡದು. ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲು ಮುಂತಾದ ಕಾರ್ಯಗಳಿಗೆ ಮಾತ್ರ ಅದು ಬೀದಿಗಿಳಿಯಬಹುದು. ಆದುದರಿಂದ ಗಾಡಿಗಳ ಪಟ್ಟಿ, ತಂಗುವ ಊರು, ಘಟ್ಟದ ವೇಳೆಗಳನ್ನು ಆಯಾ ಜಿಲ್ಲೆಯ ಸಾರಿಗೆ ಮತ್ತು ಪೋಲೀಸು ಅಧಿಕಾರಿಗಳಿಗೆ ಮುಂಚಿತವಾಗಿ ತಿಳಿಸಬೇಕು. ಅಧಿಕಾರಿಗಳೂ ಇದನ್ನು ಶ್ರೀಮಂತರ ಚೆಲ್ಲಾಟವೆಂದು ಬದಿಗೊತ್ತಬಾರದು.

ಇದು ಶ್ರೀಮಂತರ ವಿಷಯವೂ ಅಲ್ಲ. ಕಾರ್ಬುರೇಟರಿನ ಶಬ್ದವನ್ನು ಕೇಳಿಯೇ ದೋಷವನ್ನು ಹೇಳಬಲ್ಲ ಮೇಸ್ತ್ರಿಗಳಿಗೆ ತಲೆ ನರೆತಿದೆ. 2014ರಲ್ಲಿ ತಯಾರಿಕೆ ನಿಂತ ನಮ್ಮ ಅಂಬಾಸಡರಿಗೂ ನಾಳೆ ಇಂಥವರೇ ಬೇಕು. ಯಾತ್ರೆಯ ವ್ಯವಸ್ಥಾಪಕರು ಅಂತಹ ಇಬ್ಬರನ್ನು ಜತೆಗೆ ಕರೆದೊಯ್ಯಲಿ. ಒಬ್ಬೊಬ್ಬರ ಕೈಕೆಳಗೆ ಒಬ್ಬೊಬ್ಬ ಹುಡುಗನಿಗೆ ಸಂಬಳ ಕೊಟ್ಟು ಕೆಲಸ ಕಲಿಸಲಿ. ಆ ಖರ್ಚನ್ನು ಹಾರತುರಾಯಿಗಳ ಲೆಕ್ಕದಿಂದ ತೆಗೆಯಬಹುದು.