ಯಾರೂ ಕರೆಯದೆ ನಿಂತವರು ಸೋಮಾರಿಗಳೇ?



"ದುಡಿದವನು ಮೇಲೇರುತ್ತಾನೆ, ಸೋಮಾರಿ ಕೆಳಗೇ ಉಳಿಯುತ್ತಾನೆ" ಎಂಬ ಮಾತನ್ನು ನಾವು ತೋಟದ ಕಚೇರಿಯಲ್ಲಿ ಕೇಳುತ್ತೇವೆ, ಬ್ಯಾಂಕಿನಲ್ಲಿ ಕೇಳುತ್ತೇವೆ, ಒಮ್ಮೊಮ್ಮೆ ದೇವಾಲಯದ ಪ್ರಸಂಗದಲ್ಲೂ ಕೇಳುತ್ತೇವೆ. ಈ ಮಾತು ಸುಳ್ಳು ಎಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಕೋಳಿ ಕೂಗುವ ಮೊದಲೇ ಎದ್ದು, ಬುತ್ತಿ ಕಟ್ಟಿಕೊಂಡು, ಕಂಬಂ, ಗೂಡಲೂರು, ಬೋಡಿಯ ಬೀದಿಗಳಲ್ಲಿ ಜೀಪಿಗಾಗಿ ಕಾಯುವ ನಮ್ಮ ಅಕ್ಕತಂಗಿಯರನ್ನು ನೋಡಿ. ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟಿನ ಘಟ್ಟ ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಲ್ಲಿ ದಿನವಿಡೀ ಬಗ್ಗಿ ದುಡಿದು ಕತ್ತಲಾಗುವಾಗ ಮನೆ ಸೇರುತ್ತಾರೆ. ದುಡಿಮೆಯಿಂದಲೇ ಮೇಲೇರುವುದಾಗಿದ್ದರೆ ಇಷ್ಟು ಹೊತ್ತಿಗೆ ತೋಟಕ್ಕೆ ಅವರೇ ಒಡತಿಯರಾಗಬೇಕಿತ್ತು!

ದ್ರಾಕ್ಷೀತೋಟದ ಕೂಲಿಗಾರರ ಸಾಮತಿ ನಮಗೆಲ್ಲ ತಿಳಿದದ್ದೇ. ಹೊತ್ತು ಇಳಿಯುವವರೆಗೂ ಪೇಟೆಯಲ್ಲಿ ನಿಂತಿದ್ದವರು ಯಜಮಾನನಿಗೆ ಕೊಟ್ಟ ಉತ್ತರವೇನು? ತಮ್ಮನ್ನು ಕೂಲಿಗೆ ಕರೆದವರೇ ಇಲ್ಲ ಎಂಬುದು. ದ್ರಾಕ್ಷಿಯ ಸೀಮೆಯಲ್ಲೇ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರನ್ನು ಕರೆಯಬೇಕು, ಎಷ್ಟು ಕೂಲಿ ಕೊಡಬೇಕು ಎಂಬುದನ್ನು ನಿಶ್ಚಯಿಸುವವು ಎರಡು: ಒಂದು ಸರ್ಕಾರದ ನೀತಿ, ಇನ್ನೊಂದು ನಾಲ್ಕು ಜನರ ಪರಿಚಯ. ಈ ಎರಡನೆಯದಕ್ಕೆ ಪಂಡಿತರು 'ಸಾಮಾಜಿಕ ಬಂಡವಾಳ' ಎಂದು ದೊಡ್ಡ ಹೆಸರಿಟ್ಟಿದ್ದಾರೆ.

ಮೊದಲು ನೀತಿಯ ಮಾತು. ಸರ್ಕಾರ ಮನಸ್ಸು ಮಾಡಿದರೆ ಬಾಗಿಲು ತೆರೆಯುತ್ತದೆ. 1956ರಲ್ಲಿ ಕಾಮರಾಜರು ಶಾಲೆಯಲ್ಲಿ ಮಧ್ಯಾಹ್ನದ ಊಟ ಆರಂಭಿಸಿದರು; 1982ರಲ್ಲಿ ಎಂ.ಜಿ.ಆರ್. ಅದನ್ನು ವಿಸ್ತರಿಸಿದರು, 2022ರಲ್ಲಿ ಬೆಳಗಿನ ಉಪಾಹಾರವೂ ಸೇರಿತು. ನಮ್ಮಲ್ಲಿ ಎಷ್ಟೋ ಮಂದಿ ನಾಲ್ಕು ಅಕ್ಷರ ಕಲಿತದ್ದು ಆ ಊಟದ ಬಲದಿಂದ. ಅದನ್ನು ಯಾರೂ ಬರೀ ಸ್ವಂತ ಪ್ರಯತ್ನ ಎಂದು ಹೇಳಿಕೊಳ್ಳಬಾರದು.

ಅದೇ ಸರ್ಕಾರದ ನೀತಿ ಬಾಗಿಲು ಮುಚ್ಚಲೂಬಲ್ಲದು. 1951ರ ತೋಟ ಕಾರ್ಮಿಕರ ಕಾನೂನು ಮನೆ, ಆಸ್ಪತ್ರೆ, ಶಿಶುವಿಹಾರ ಎಂದೆಲ್ಲ ಬರೆಯಿತು. ಆದರೆ ಸಣ್ಣ ತೋಟಗಳು ಅದರ ಹೊರಗೇ ಉಳಿದವು. ಬೆಳಿಗ್ಗೆ ಜೀಪಿನಲ್ಲಿ ಬಂದು ಸಂಜೆ ಹೋಗುವ ನಮಗೆ ಆ ಮನೆಯೂ ಇಲ್ಲ, ಮಗುವಿನ ತೊಟ್ಟಿಲೂ ಇಲ್ಲ. ಈಗ ಅದರ ಜಾಗಕ್ಕೆ 2020ರ ಸಂಹಿತೆ ಬಂದಿದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವಳಿಗೆ ಹಳೆಯ ಕಾನೂನಾದರೇನು, ಹೊಸ ಸಂಹಿತೆಯಾದರೇನು?

1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ದೇವಿಕುಳಂ, ಪೀರ್ಮೇಡು ಕೇರಳಕ್ಕೆ ಸೇರಿದವು. ನಮ್ಮ ಓಟು, ರೇಷನ್ನು ಘಟ್ಟದ ಕೆಳಗೆ; ಕೂಲಿ ನಿಗದಿಯಾಗುವುದು ಘಟ್ಟದ ಮೇಲೆ. 2021ರಲ್ಲಿ ತಮಿಳುನಾಡು ಹೆಂಗಸರಿಗೆ ಸಾಧಾರಣ ಬಸ್ಸಿನಲ್ಲಿ ಟಿಕೆಟ್ಟಿಲ್ಲದ ಪ್ರಯಾಣ ಕೊಟ್ಟಿತು, ಒಳ್ಳೆಯದೇ; ಆದರೆ ಆ ಬಸ್ಸು ಗಡಿಯಾಚೆಯ ತೋಟದ ಬಾಗಿಲಿಗೆ ಹೋಗುವುದಿಲ್ಲ. 2011ರ ಡಿಸೆಂಬರಿನಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನ ಜಗಳ ಭುಗಿಲೆದ್ದು ದಾರಿ ಮುಚ್ಚಿದಾಗ, 2020ರಲ್ಲಿ ಕೊರೋನಾ ಬಂದು ಗಡಿ ಮುಚ್ಚಿದಾಗ, ಒಲೆ ಆರಿದ್ದು ಕೂಲಿಯವರ ಮನೆಯಲ್ಲಿ. ತೋಟದೊಡೆಯನ ಪಟ್ಟಾ ಗಡಿ ದಾಟುತ್ತದೆ. ಏಲಕ್ಕಿ ಗಡಿ ದಾಟಿ ಪುಟ್ಟಡಿಯಲ್ಲೂ ಬೋಡಿಯಲ್ಲೂ ಹರಾಜಾಗುತ್ತದೆ. ಗಡಿಯಲ್ಲಿ ನಿಂತುಬಿಡುವುದು ಕೂಲಿಯವಳ ಹಕ್ಕು ಮಾತ್ರ.

2019ರ ಆಗಸ್ಟಿನಲ್ಲಿ ಪುಟ್ಟಡಿ ಹರಾಜಿನಲ್ಲಿ ಏಲಕ್ಕಿ ಕಿಲೋಗೆ 7,000 ರೂಪಾಯಿ ಮುಟ್ಟಿತು. ಆ ವರ್ಷ ನಿಮ್ಮ ಕೂಲಿ ಎಷ್ಟು ಏರಿತು ಎಂದು ಮನೆಯಲ್ಲೇ ಲೆಕ್ಕ ಹಾಕಿ ನೋಡಿ. ಮೂರು ವರ್ಷದೊಳಗೆ ಬೆಲೆ ಸಾವಿರಕ್ಕಿಂತ ಕೆಳಗೆ ಬಿತ್ತು. ಆಗ ನಷ್ಟದ ಲೆಕ್ಕವನ್ನು ನಮ್ಮ ಮುಂದೆ ಬಿಚ್ಚಿಟ್ಟರು. ಲಾಭದ ಲೆಕ್ಕವನ್ನು ಎಂದಾದರೂ ಬಿಚ್ಚಿಟ್ಟಿದ್ದರೇ? 2023ರಲ್ಲಿ ಕಂಬಂ ಪನ್ನೀರ್ ದ್ರಾಕ್ಷಿಗೆ ಭೌಗೋಳಿಕ ಗುರುತು ಸಿಕ್ಕಿತು. ಹಣ್ಣಿಗೆ ಗುರುತು ಸಿಕ್ಕಿದೆ, ಸಂತೋಷ. ಹಣ್ಣು ಕೊಯ್ಯುವವಳಿಗೆ ಗುರುತಿನ ಚೀಟಿ ಎಂದು?

ಇನ್ನೊಂದು ಮುಚ್ಚಿದ ಬಾಗಿಲು ನಮ್ಮ ಸಭೆಯವರಿಗೆ ಚೆನ್ನಾಗಿ ಗೊತ್ತು. 1950ರ ರಾಷ್ಟ್ರಪತಿಗಳ ಆಜ್ಞೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ಸಿಕ್ಕಿತು. ದಲಿತ ಕ್ರೈಸ್ತರಿಗೆ ಸಿಕ್ಕಿಲ್ಲ. ಒಂದೇ ಕಾಲೋನಿಯ ಇಬ್ಬರು ಮಕ್ಕಳು, ಒಂದೇ ಅವಮಾನ ಉಂಡವರು. ಒಬ್ಬನಿಗೆ ಇರುವ ಮೀಸಲು ಇನ್ನೊಬ್ಬನಿಗೆ ಇಲ್ಲ. ಇಲ್ಲಿ ಯಾರ ಸೋಮಾರಿತನವನ್ನು ದೂರೋಣ?

ಇನ್ನು ಪರಿಚಯದ ಮಾತು. ಇದನ್ನು ಹೇಳುವಾಗ ನಮ್ಮ ಎದೆಯನ್ನೂ ಮುಟ್ಟಿ ನೋಡಿಕೊಳ್ಳಬೇಕು. ಈ ಕಣಿವೆಯಲ್ಲಿ ಒಕ್ಕಲಿಗರು, ಕಪ್ಪಿಲಿಯರು ಎಂದು ಕನ್ನಡ ಮನೆಮಾತಿನವರು ತಲೆತಲಾಂತರದಿಂದ ಇದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತೋಟದಲ್ಲಿ ಮಲಯಾಳ. ಪರಸ್ಪರ ಕೈಹಿಡಿದದ್ದರಿಂದಲೇ ಪರನಾಡಿನಲ್ಲಿ ಬದುಕಿದ್ದು, ನಿಜ. ಆದರೆ ನಮ್ಮವನನ್ನು ಒಳಗೆ ಎಳೆದುಕೊಳ್ಳುವ ಕೈಯೇ ಪಕ್ಕದವನನ್ನು ಹೊರಗೆ ತಳ್ಳುತ್ತದೆ. ಜೀಪಿನಲ್ಲಿ ಮೊದಲ ಜಾಗ ಮೇಸ್ತ್ರಿಯ ನೆಂಟರಿಗೆ, ಉಳಿದದ್ದು ಉಳಿದವರಿಗೆ.

ನಾವೂ ಈ ತಪ್ಪು ಮಾಡಿದವರೇ. ಕೆಲವು ವರ್ಷಗಳ ಹಿಂದೆ ಒಂದು ತೋಟದಲ್ಲಿ ರೈಟರ್ ಕೆಲಸ ಖಾಲಿಯಾಗಿದೆ ಎಂಬ ಸುದ್ದಿ ನಮಗೆ ಬಂತು. ನಾವು ಅದನ್ನು ಮೊದಲು ಹೇಳಿದ್ದು ನಮ್ಮ ಬೀದಿಯ ಹುಡುಗನಿಗೆ. ಕಾಲೋನಿಯ ಹುಡುಗನಿಗೆ ಅವನಿಗಿಂತ ಹೆಚ್ಚು ಅಂಕ ಬಂದಿತ್ತು. ಅವನ ಕಿವಿಗೆ ಸುದ್ದಿ ಬೀಳುವ ಹೊತ್ತಿಗೆ ಕೆಲಸ ತುಂಬಿಹೋಗಿತ್ತು. ಅವನ ತಾಯಿ ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಅದು ಇನ್ನೂ ನಮ್ಮನ್ನು ಚುಚ್ಚುತ್ತಿದೆ. ಅಂದು ಆ ಹುಡುಗನಲ್ಲಿ ಇಲ್ಲದ್ದು ಯೋಗ್ಯತೆಯಲ್ಲ, ಇಲ್ಲದ್ದು ಪರಿಚಯ.

ಬಡವರ ನಂಬಿಕೆಯೂ ಈಗ ವ್ಯಾಪಾರದ ವಸ್ತುವಾಗಿದೆ. ಸಾಲದ ಕಂಪನಿಗಳು ಹತ್ತು ಹೆಂಗಸರ ಗುಂಪು ಕಟ್ಟಿಸಿ ಒಬ್ಬರಿಗೊಬ್ಬರನ್ನು ಜಾಮೀನು ನಿಲ್ಲಿಸುತ್ತವೆ. ಒಬ್ಬಳಿಗೆ ಜ್ವರ ಬಂದು ಕಂತು ತಪ್ಪಿದರೆ ಅವಳ ಬಾಗಿಲಲ್ಲಿ ಹೋಗಿ ಕೂರಬೇಕಾದವರು ಅವಳ ಗೆಳತಿಯರೇ. ನೆರೆಹೊರೆಯ ಪ್ರೀತಿಯನ್ನು ಅಡವಿಟ್ಟು ಬಡ್ಡಿ ವಸೂಲು ಮಾಡುವ ಉಪಾಯವಿದು. 2022ರಲ್ಲಿ ರಿಸರ್ವ್ ಬ್ಯಾಂಕು ಇಂಥ ಕಂಪನಿಗಳ ಬಡ್ಡಿಯ ಮಿತಿಯನ್ನು ತೆಗೆದುಹಾಕಿತು. ಬಲವಂತದ ವಸೂಲಿಯ ವಿರುದ್ಧ 2025ರಲ್ಲಿ ತಮಿಳುನಾಡು ಒಂದು ಕಾನೂನು ಮಾಡಿದೆ. ಅದನ್ನು ತಿಳಿದುಕೊಳ್ಳಿ, ಗುಂಪಿನಲ್ಲಿ ಓದಿ ಹೇಳಿ.

ಹಾಗಾದರೆ ದಾರಿ ಇಲ್ಲವೇ? ಇದೆ. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟದಲ್ಲಿ ಬೋನಸ್ಸನ್ನು ಶೇಕಡಾ 20ರಿಂದ 10ಕ್ಕೆ ಇಳಿಸಿದಾಗ ಸೊಪ್ಪು ಕೊಯ್ಯುವ ಸಾವಿರಾರು ಹೆಂಗಸರು ರಸ್ತೆಗಿಳಿದರು. ಪಕ್ಷಗಳ ಮುಖಂಡರನ್ನು ದೂರ ನಿಲ್ಲಿಸಿ ತಾವೇ ಮಾತಾಡಿದರು. 'ಪೆಂಬಿಳೈ ಒರುಮೈ', ಹೆಣ್ಣುಮಕ್ಕಳ ಒಗ್ಗಟ್ಟು ಎಂದು ಹೆಸರಾಯಿತು. ಬೋನಸ್ಸಿನ ಕಡಿತ ತುಂಬಿಬಂತು. 232 ರೂಪಾಯಿಯ ದಿನಗೂಲಿಗೆ 500 ಕೇಳಿದರು; 301 ಸಿಕ್ಕಿತು. ಮುಂದೆ ಆ ಒಗ್ಗಟ್ಟು ಒಡೆಯಿತು, ಅದನ್ನೂ ಮುಚ್ಚಿಡುವುದು ಬೇಡ. ಸಿಟ್ಟು ಜನರನ್ನು ಕೂಡಿಸುತ್ತದೆ; ಕೂಡಿಸಿ ಇಡಲು ಸಂಘ ಬೇಕು.

ದಿಂಡಿಗಲ್ಲಿನವರು ಅದನ್ನು ತೋರಿಸಿದ್ದಾರೆ. 2021ರ ಜನವರಿಯಲ್ಲಿ ಅಲ್ಲಿಯ ಗಾರ್ಮೆಂಟ್ಸಿನ ದಲಿತ ಯುವತಿಯೊಬ್ಬಳು ಮೇಲ್ವಿಚಾರಕನಿಂದ ಕೊಲೆಯಾದಳು. ದಲಿತ ಹೆಂಗಸರು ಮುನ್ನಡೆಸುವ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘ ಬಿಡದೆ ಹೋರಾಡಿತು. 2022ರ ಏಪ್ರಿಲಿನಲ್ಲಿ 'ದಿಂಡಿಗಲ್ ಒಪ್ಪಂದ'ವಾಯಿತು. ವಿದೇಶದ ದೊಡ್ಡ ಬಟ್ಟೆ ಕಂಪನಿಗಳೂ ಸಹಿ ಹಾಕಿದವು. ಕೆಲಸದ ಜಾಗದಲ್ಲಿ ದೌರ್ಜನ್ಯವನ್ನು ಗಮನಿಸಲು ಕೆಲಸಗಾರ್ತಿಯರನ್ನೇ ನೇಮಿಸಬೇಕೆಂದು ಅದರಲ್ಲಿ ಬರೆಸಿದರು. ಇದು ಜಾತಿ ದಾಟಿದ, ಊರು ದಾಟಿದ, ಸಮುದ್ರವನ್ನೂ ದಾಟಿದ ಪರಿಚಯ. ಬಡವರಿಗೆ ಇಂಥ ಬಂಡವಾಳ ಬೇಕು.

ಆದ್ದರಿಂದ ಬಂಧುಗಳೇ, ಮೂರು ಕೆಲಸ. ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್ಕಿನಲ್ಲಿ ತೋಟದ ಹೆಸರು, ದಿನ, ಕೂಲಿ, ಜೀಪಿನ ನಂಬರು ಬರೆದಿಡಿ. ನಾಳೆ ಅದೇ ನಿಮ್ಮ ಸಾಕ್ಷಿ. ಕೆಲಸದ ಸುದ್ದಿ, ಸರ್ಕಾರದ ಅರ್ಜಿಯ ಸುದ್ದಿ ಬಂದರೆ ಭಾನುವಾರ ಎಲ್ಲರ ಮುಂದೆ ಓದಿ ಹೇಳಿ, ಕಾಲೋನಿಯಲ್ಲಿ ಮೊದಲು ಹೇಳಿ. ದಿನವೂ ಘಟ್ಟ ಹತ್ತುವವರ ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸಬೇಕೆಂದು ಎರಡೂ ರಾಜ್ಯಗಳ ಕಾರ್ಮಿಕ ಇಲಾಖೆಗೆ ಒಟ್ಟಾಗಿ ಅರ್ಜಿ ಕೊಡೋಣ. ಮಲಯಾಳದ ಕೂಲಿಯವರನ್ನೂ ಉತ್ತರದಿಂದ ಬಂದ ಕೂಲಿಯವರನ್ನೂ ಬಿಡದೆ ಸೇರಿಸಿಕೊಳ್ಳೋಣ.

ಪೇಟೆಯಲ್ಲಿ ಕಾದು ನಿಂತವರನ್ನು ಯಜಮಾನ ಕರೆಯುತ್ತಾನೋ ಇಲ್ಲವೋ, ನಾವು ಒಬ್ಬರನ್ನೊಬ್ಬರು ಕರೆಯುವುದನ್ನು ಇಂದೇ ಆರಂಭಿಸಬಹುದಲ್ಲವೇ?