ಪಟ್ಟಣದ ಕಸ, ರೈತನ ತಿಪ್ಪೆ

ಕೆಂಗೇರಿಗೆ 2007ರವರೆಗೂ ತನ್ನದೇ ಆದ ಪುರಸಭೆ ಇತ್ತು. ಆ ವರ್ಷ ಏಳು ನಗರಸಭೆಗಳು ಮತ್ತು ನೂರಕ್ಕೂ ಮಿಕ್ಕ ಹಳ್ಳಿಗಳ ಜೊತೆಗೆ ಅದೂ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿಹೋಯಿತು. ಇಂದು ಕೆಂಗೇರಿ ಉಪನಗರದಲ್ಲಿ ಸಾಲು ಸಾಲು ಮನೆಗಳು ಎದ್ದಿವೆ. ಆದರೂ ಮೈಸೂರು ರಸ್ತೆಯಲ್ಲಿ ಕುಂಬಳಗೋಡು ದಾಟಿದರೆ, ಇತ್ತ ರಾಮೋಹಳ್ಳಿ, ತಾವರೆಕೆರೆ ಕಡೆಗೆ ತಿರುಗಿದರೆ, ರಾಗಿ ಅವರೆ ಬೆಳೆಯುವ ಹೊಲಗಳು ಇನ್ನೂ ಉಳಿದಿವೆ. ಉಪನಗರದ ಅಡಿಗೆಮನೆಗಳಿಂದ ದಿನವೂ ಹೊರಬೀಳುವ ತರಕಾರಿ ಸಿಪ್ಪೆ, ಹಣ್ಣಿನ ತೊಗಟೆ, ಉಳಿದ ಅನ್ನ ಕೊನೆಗೆ ಎಲ್ಲಿಗೆ ಹೋಗಬೇಕು? ಇದು ಪಟ್ಟಣದವರ ನೈರ್ಮಲ್ಯದ ಪ್ರಶ್ನೆ, ನಮಗೇಕೆ ಎಂದು ರೈತರು ಸುಮ್ಮನಿರುವಂತಿಲ್ಲ. ಇದು ಮೊದಲಿಗೆ ಗೊಬ್ಬರದ ಪ್ರಶ್ನೆ.

ಪಟ್ಟಣದ ಕಸ ಹೊಲಕ್ಕೆ ಬರುವುದು ನಮ್ಮ ಕಡೆಗೆ ಹೊಸದಲ್ಲ. ಮನೆಯ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಗೊಬ್ಬರ ಮಾಡುವ ವಿಧಾನವನ್ನು 1939ರಲ್ಲಿ ಸಿ.ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿಯೇ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದಕ್ಕೆ ಇಂದಿಗೂ ಬೆಂಗಳೂರು ಪದ್ಧತಿ ಎಂದೇ ಹೆಸರು. ನಗರದ ಕಸದಿಂದ ಗೊಬ್ಬರ ತಯಾರಿಸಿ ರೈತರಿಗೆ ಒದಗಿಸಲೆಂದು 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಹುಟ್ಟಿತು. ಆಗಿನ ಕಸವೆಂದರೆ ಸೊಪ್ಪು, ಸಿಪ್ಪೆ, ಬೂದಿ, ಎಲೆ, ಕಾಗದ. ಮಣ್ಣಿಗೆ ಬಿದ್ದರೆ ಮಣ್ಣಾಗುವಂಥದು.

ಈಗಿನ ಕಸದ ಗುಣ ಬೇರೆ. ಬೆರೆತ ಕಸವನ್ನು ಹಳ್ಳಿಯ ಮಗ್ಗುಲಿಗೆ ತಂದು ಸುರಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಉತ್ತರಕ್ಕಿರುವ ಮಾವಳ್ಳಿಪುರದವರೂ ಪೂರ್ವಕ್ಕಿರುವ ಮಂಡೂರಿನವರೂ ಅನುಭವಿಸಿ ತಿಳಿದರು. ಜನ ಬೀದಿಗಿಳಿದ ಮೇಲೆ ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರಲ್ಲಿ ಕಸ ಸುರಿಯುವುದು ನಿಂತಿತು. ವೃಷಭಾವತಿಯ ನೀರು ಹೋಗಿ ಸೇರುವ ಬೈರಮಂಗಲ ಕೆರೆಯ ಅಚ್ಚುಕಟ್ಟಿನವರಿಗಂತೂ ಪಟ್ಟಣ ಬಿಟ್ಟದ್ದು ಕೆಳಗಿನ ಹೊಲಕ್ಕೆ ಹೇಗೆ ಬರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹಸಿ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಿ ಕೊಡುವ ಹೊಣೆ ಮನೆಯವರದೇ ಎಂದು ಕೇಂದ್ರ ಸರ್ಕಾರ 2016ರ ನಿಯಮಗಳಲ್ಲಿ ಸ್ಪಷ್ಟವಾಗಿ ಹೇಳಿತು. ಉಪನಗರದ ಗೃಹಿಣಿ ಎರಡು ಬುಟ್ಟಿ ಇಟ್ಟರೆ ಅದರ ಲಾಭ ನೇರವಾಗಿ ರೈತನಿಗೆ. ಇಡದಿದ್ದರೆ ಒಂದು ಸವೆದ ಬ್ಯಾಟರಿ, ಒಂದು ಒಡೆದ ಬಲ್ಬು ಸಾಕು, ಗಾಡಿಯ ಕಸವೆಲ್ಲ ಕೆಟ್ಟಂತೆ. ಆದ್ದರಿಂದ ಪುಕ್ಕಟೆ ಗೊಬ್ಬರ ಎಂದು ಲಾರಿ ತಂದು ಹೊಲದ ಬದುವಿನಲ್ಲಿ ನಿಲ್ಲಿಸಿದರೆ ರೈತರು ಹಿಗ್ಗಬಾರದು. ಮೊದಲು ಒಂದು ಮಂಕರಿಯಷ್ಟನ್ನು ಗೋಣಿತಾಟಿನ ಮೇಲೆ ಹರಡಿ ನೋಡಿ. ಕೊಳೆತ ನಾತ ಬಂದರೆ ಅದಿನ್ನೂ ಗೊಬ್ಬರವಾಗಿಲ್ಲ. ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ನಗರ ಕಾಂಪೋಸ್ಟಿನ ನೂರಕ್ಕೆ 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ಕಿಲೋ ಒಂದಕ್ಕೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಜರಡಿ ನಮ್ಮ ಕೈಯಲ್ಲಿದೆ. ಸೀಸ ಕಣ್ಣಿಗೆ ಕಾಣದು. ಅದಕ್ಕೆ ಪರೀಕ್ಷೆಯ ವರದಿ ಕೇಳಬೇಕು. ವರದಿ ತೋರಿಸದವನ ಲಾರಿಯನ್ನು ಬಂದ ದಾರಿಗೇ ಕಳಿಸುವುದು ಲೇಸು. ಗಾಜಿನ ಚೂರು ಒಮ್ಮೆ ಹೊಲಕ್ಕೆ ಬಿದ್ದರೆ ಬರಿಗೈಯಲ್ಲಿ ರಾಗಿ ಕಳೆ ಕೀಳುವ ಹೆಣ್ಣಾಳು ವರ್ಷ ವರ್ಷವೂ ಅದನ್ನು ಹೆಕ್ಕುತ್ತಿರಬೇಕಾಗುತ್ತದೆ.

ಪಟ್ಟಣದವರನ್ನು ದೂರುವ ಮುನ್ನ ನಮ್ಮ ಹಿತ್ತಿಲನ್ನೂ ನೋಡಬೇಕಲ್ಲವೆ? ಇಂದಿನ ಹಳ್ಳಿಯ ತಿಪ್ಪೆಯಲ್ಲಿ ಸಗಣಿ ಗಂಜಲದ ಜೊತೆಗೆ ಶಾಂಪೂ ಚೀಟಿ, ಗುಟ್ಕಾ ಪೊಟ್ಟಣ, ಅಂಗಡಿ ಕವರು, ಮಗುವಿನ ಡಯಾಪರು ಎಲ್ಲವೂ ಬೀಳುತ್ತಿವೆ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು. ಸಂತೆಯಲ್ಲಿ ಮಾತ್ರ ಅದು ತಪ್ಪಲಿಲ್ಲ. ಬೇಸಿಗೆಯಲ್ಲಿ ತಿಪ್ಪೆ ಹೊಡೆದು ಹೊಲಕ್ಕೆ ಹರಡಿದಾಗ ಈ ಕವರುಗಳೂ ಹರಡುತ್ತವೆ. ಮಣ್ಣಿನೊಳಗೆ ಹಾಳೆಯಂತೆ ಕೂತು ನೀರು ಇಳಿಯಲು ಬಿಡವು, ಬೇರಿಗೂ ಅಡ್ಡಿ. ಅನ್ನದ ವಾಸನೆಗೆ ಕವರನ್ನೇ ನುಂಗಿದ ಹಸುವಿನ ಹೊಟ್ಟೆ ಉಬ್ಬರಿಸಿದರೆ ಹಾಲು ಹೋಗಿ ಹಸುವೂ ಹೋದೀತು. ಕೆಲವರು ಸುಟ್ಟರಾಯಿತು ಎನ್ನುತ್ತಾರೆ. ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ವಿಷವಿದೆ. ಅದನ್ನು ಮೊದಲು ಉಸಿರಾಡುವವರು ಜಗಲಿಯ ಮೇಲೆ ಕೂತ ಮುದುಕರು ಮತ್ತು ಮಕ್ಕಳು.

ತಿಪ್ಪೆಯನ್ನು ಬಯಲಿನಲ್ಲಿ ಗುಡ್ಡೆ ಹಾಕದೆ ಗುಂಡಿಗೆ ಇಳಿಸಿದರೆ ಸಾರ ಉಳಿಯುತ್ತದೆ. ನೀರು ನಿಲ್ಲದ ಎತ್ತರದ ಜಾಗದಲ್ಲಿ 3 ಅಡಿ ಆಳ, 5 ಅಡಿ ಅಗಲದ ಗುಂಡಿ ತೋಡಿ. ಉದ್ದ ನಿಮ್ಮ ದನಕರುಗಳ ಲೆಕ್ಕಕ್ಕೆ ತಕ್ಕಂತೆ ಇರಲಿ. ಅಡಿಗೆಮನೆಯ ಕಸ, ತರಗು, ಅವರೆ ಹೊಟ್ಟನ್ನು ಅರ್ಧ ಅಡಿ ಹರಡಿ, ಮೇಲೆ ಎರಡು ಅಂಗುಲ ಸಗಣಿ ಬಗ್ಗಡ ಸುರಿಯಿರಿ. ಹೀಗೆ ಪದರದ ಮೇಲೆ ಪದರ ಹಾಕುತ್ತ ನೆಲಮಟ್ಟದಿಂದ ಒಂದಡಿ ಮೇಲೆ ಬರುವವರೆಗೆ ತುಂಬಿ, ಕೆಸರು ಮಣ್ಣಿನಿಂದ ಮೆತ್ತಿಬಿಡಿ. ತಿರುವಿ ಹಾಕುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಪಕ್ವವಾಗುತ್ತದೆ. ಮೂಲ ಪದ್ಧತಿಯಲ್ಲಿ ಮಲವನ್ನೂ ಸೇರಿಸುತ್ತಿದ್ದರು. ಮನೆಯ ಗುಂಡಿಗೆ ಸಗಣಿಯೇ ಸಾಕು.

ಮಿಕ್ಕ ಒಣ ಕಸಕ್ಕೆ ಅಡಿಗೆಮನೆಯ ಬಾಗಿಲ ಹಿಂದೆ ಒಂದು ಗೋಣಿಚೀಲ ನೇತುಹಾಕಿ. ಹಾಲಿನ ಕವರನ್ನು ತೊಳೆದು ಒಣಗಿಸಿಟ್ಟರೆ ಗುಜರಿಯವನು ಕಾಸು ಕೊಟ್ಟು ಒಯ್ಯುತ್ತಾನೆ. ಕಬ್ಬಿಣ, ಬಾಟಲಿ, ರಟ್ಟಿಗೂ ಬೆಲೆಯಿದೆ. ಬೆಲೆಯಿಲ್ಲದ ಚೀಟಿ ಪೊಟ್ಟಣಗಳದೇ ತಾಪತ್ರಯ. ಅವನ್ನು ಪಂಚಾಯಿತಿಯ ಕಸದ ಗಾಡಿಗೆ ಕೊಡಬೇಕು. ಹಲವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಎಂಬ ಕಸ ವಿಂಗಡಿಸುವ ಕಟ್ಟಡ ಎದ್ದಿದೆ, ಮಹಿಳಾ ಸ್ವಸಹಾಯ ಸಂಘದವರು ಅದನ್ನು ನಡೆಸುತ್ತಾರೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಂತೂ ಸುತ್ತಣ ಹಲವಾರು ಪಂಚಾಯಿತಿಗಳ ಒಣ ಕಸ ಒಂದೇ ಕಡೆ ಸೇರಿ, ವಿಂಗಡವಾಗಿ ಮಾರಾಟಕ್ಕೆ ಹೋಗುತ್ತದೆ. ನಿಮ್ಮ ಊರಿನ ಕಟ್ಟಡ ಬೀಗ ಹಾಕಿಕೊಂಡು ನಿಂತಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿ. ಕೀಟನಾಶಕದ ಖಾಲಿ ಡಬ್ಬವನ್ನು ಮಾತ್ರ ತಿಪ್ಪೆಗಾಗಲಿ ಗೋಣಿಚೀಲಕ್ಕಾಗಲಿ ಹಾಕಬೇಡಿ. ನೀರು ತುಂಬಿಡಲೂ ಬಳಸಬೇಡಿ.

ಗುಂಡಿ ತೋಡಲು ರಾಗಿ ಕೊಯ್ಲಿನ ನಂತರದ ಬಿಡುವು ಅನುಕೂಲ. ಕಾರ್ತಿಕ ಮುಗಿಯುವ ಹೊತ್ತಿಗೆ ತುಂಬಿ ಮೆತ್ತಿದ ಗುಂಡಿಯನ್ನು ಮುಂಗಾರಿನ ಉಳುಮೆಗೆ ಮೊದಲು ತೆಗೆಯಬಹುದು.