ಫಲಿತಾಂಶದ ಪುಟ ತೆರೆಯದಿದ್ದರೆ ತಪ್ಪು ಫೋನಿನದ್ದೇ? ಡೇಟಾಬೇಸ್ ಒಳಗಿನ ಕಾರಣ ತಿಳಿಯಿರಿ

"ಪುಟ ತೆರೆಯುತ್ತಿಲ್ಲವೇ? ಕ್ಯಾಶ್ ಅಳಿಸಿ, ಎಲ್ಲಾ ಆ್ಯಪ್ ಮುಚ್ಚಿ, ಮತ್ತೆ ಮತ್ತೆ ರಿಫ್ರೆಶ್ ಮಾಡಿ." ಪರೀಕ್ಷಾ ಫಲಿತಾಂಶದ ದಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂತಹ ಸಲಹೆಗಳು ಹರಿದಾಡುವುದು ಸಾಮಾನ್ಯ. ಫೋನ್, ನೆಟ್‌ವರ್ಕ್ ಅಥವಾ ಜನದಟ್ಟಣೆ ಕಾರಣ ಇರಬಹುದು. ಆದರೆ ಕೆಲವೊಮ್ಮೆ ವಿಳಂಬ ಹುಟ್ಟುವುದು ಸರ್ವರ್‌ನ ಡೇಟಾಬೇಸ್‌ನಲ್ಲಿ. ಅಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದು ಕಾರಣವನ್ನು ನಾವಿಲ್ಲಿ ವಿವರಿಸುತ್ತೇವೆ.

ಏನಿದು ಫಂಕ್ಷನ್?

ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯೇ ಎಸ್‌ಕ್ಯೂಎಲ್. ಅದರಲ್ಲಿ ಕೇಳುವ ಪ್ರಶ್ನೆಗೆ ಕ್ವೆರಿ ಎನ್ನುತ್ತಾರೆ. ಪದೇ ಪದೇ ಬೇಕಾಗುವ ಲೆಕ್ಕವನ್ನು ಪ್ರೋಗ್ರಾಮರ್ ಒಮ್ಮೆ ಬರೆದು, ಹೆಸರಿಟ್ಟು, ಕ್ವೆರಿಗಳಲ್ಲಿ ಬಳಸಬಹುದು. ಉದಾಹರಣೆಗೆ, ಅಂಕ ಕೊಟ್ಟರೆ ದರ್ಜೆ ಹೇಳುವ ನಿಯಮ. ಇದೇ ಬಳಕೆದಾರ-ನಿರ್ಮಿತ ಫಂಕ್ಷನ್. ನಿಯಮ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಹೀಗಾಗಿ ಇದು ಒಳ್ಳೆಯ ಅಭ್ಯಾಸವೇ.

ಹಾಗಾದರೆ ನಿಧಾನವಾಗುವುದು ಏಕೆ?

ಮೊದಲನೆಯದಾಗಿ, ಇಂತಹ ಫಂಕ್ಷನ್ ಸಾಮಾನ್ಯವಾಗಿ ಪ್ರತಿ ಸಾಲಿಗೂ ಒಮ್ಮೆ ಓಡುತ್ತದೆ. ಚೀಲದ ಜೋಳವನ್ನು ಒಟ್ಟಿಗೆ ಸುರಿಯದೆ, ಒಂದೊಂದೇ ಕಾಳು ಹಿಡಿದು ಗಿರಣಿಗೆ ಹೋಗಿಬಂದಂತೆ. ಒಂದು ಕರೆಗೆ ಸೆಕೆಂಡಿನ ಲಕ್ಷದಲ್ಲೊಂದು ಭಾಗ ಹಿಡಿದರೂ 10 ಲಕ್ಷ ಸಾಲುಗಳಿಗೆ 10 ಸೆಕೆಂಡ್ ಬೇಕು. ಫಂಕ್ಷನ್ ಒಳಗೇ ಇನ್ನೊಂದು ಕೋಷ್ಟಕದ ಹುಡುಕಾಟವಿದ್ದರೆ ಸಮಯ ಇನ್ನೂ ಹೆಚ್ಚು.

ಎರಡನೆಯದು ಇಂಡೆಕ್ಸ್. ನಿಘಂಟಿನಲ್ಲಿ ಅಕ್ಷರಕ್ರಮ ಇರುವಂತೆ, ಡೇಟಾಬೇಸ್‌ನಲ್ಲಿ ನೋಂದಣಿ ಸಂಖ್ಯೆಗಳ ಇಂಡೆಕ್ಸ್ ಇದ್ದರೆ ಲಕ್ಷಾಂತರ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು ಕೆಲವೇ ಹೆಜ್ಜೆಗಳಲ್ಲಿ ಹುಡುಕಬಹುದು. ಆದರೆ ಸಂಗ್ರಹದಲ್ಲಿರುವ ಸಂಖ್ಯೆಗೆ ಫಂಕ್ಷನ್ ಸುತ್ತಿದರೆ, ಉದಾಹರಣೆಗೆ ಖಾಲಿ ಜಾಗ ತೆಗೆದು ಹೋಲಿಸಿ ಎಂದರೆ, ಆ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಒಬ್ಬ ವಿದ್ಯಾರ್ಥಿಯ ಅಂಕಕ್ಕಾಗಿ ಎಲ್ಲರ ಸಾಲನ್ನೂ ತಡಕಬೇಕಾಗುತ್ತದೆ.

ಮೂರನೆಯದಾಗಿ, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಂದೇ ಮೌಲ್ಯ ಕೊಡುವ ಇಂತಹ ಫಂಕ್ಷನ್ ಇದ್ದರೆ, ಕ್ವೆರಿಯ ಕೆಲಸವನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಲು ಆಗುತ್ತಿರಲಿಲ್ಲ. ಫಂಕ್ಷನ್ ಒಳಗಿನ ಖರ್ಚು ಕ್ವೆರಿಯ ಯೋಜನೆಯಲ್ಲಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಕೆಲವೇ ಸಾಲುಗಳಲ್ಲಿ ಪರೀಕ್ಷಿಸುವಾಗ ಚುರುಕಾಗಿದ್ದ ಪುಟ, ನಿಜವಾದ ದಿನ ಕೈಕೊಡುವುದು ಹೀಗೆ.

ಫಂಕ್ಷನ್ ಬಳಸಲೇಬಾರದೇ?

ಹಾಗೇನಿಲ್ಲ. ಫಂಕ್ಷನ್‌ನ ತರ್ಕವನ್ನು ಕ್ವೆರಿಯೊಳಗೇ ಬಿಚ್ಚಿ ಸೇರಿಸುವುದು ಒಂದು ಪರಿಹಾರ. ಈ ಬಗ್ಗೆ ಐಐಟಿ ಬಾಂಬೆಯ ಸಂಶೋಧಕರು 2014ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಎಸ್‌ಕ್ಯೂಎಲ್ ಸರ್ವರ್‌ನ 2019ರ ಆವೃತ್ತಿ ಅರ್ಹ ಫಂಕ್ಷನ್‌ಗಳಿಗೆ ಇದನ್ನು ತಾನಾಗಿಯೇ ಮಾಡುತ್ತದೆ. ಎಲ್ಲಾ ಫಂಕ್ಷನ್‌ಗಳೂ ಅರ್ಹವಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ ಕೂಡ ಸರಳ ಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಹೀಗೆ ಬಿಚ್ಚಬಲ್ಲದು. ಇನ್ನೂ ಸುಲಭದ ದಾರಿಯಿದೆ: ದತ್ತಾಂಶವನ್ನು ಸೇರಿಸುವಾಗಲೇ ಶುದ್ಧಗೊಳಿಸಿ, ಹುಡುಕುವಾಗ ವಿದ್ಯಾರ್ಥಿ ಟೈಪ್ ಮಾಡಿದ ಒಂದು ಸಂಖ್ಯೆಯನ್ನಷ್ಟೇ ಸರಿಪಡಿಸುವುದು. ಆಗ 10 ಲಕ್ಷ ಬಾರಿಯ ಕೆಲಸ ಒಂದೇ ಬಾರಿಗೆ ಮುಗಿಯುತ್ತದೆ.

ನೀವೇನು ಮಾಡಬಹುದು?

ಕ್ಯಾಶ್ ಅಳಿಸಿದರೆ ಸರ್ವರ್‌ನ ಕ್ವೆರಿ ವೇಗವಾಗುವುದಿಲ್ಲ. ಪ್ರತಿ ರಿಫ್ರೆಶ್ ಹೊಸ ಹುಡುಕಾಟ ಆರಂಭಿಸಬಹುದು, ಹಳೆಯದು ಅಲ್ಲಿ ಇನ್ನೂ ನಡೆಯುತ್ತಿರಬಹುದು. ಹೀಗಾಗಿ ಕೆಲ ನಿಮಿಷ ಬಿಟ್ಟು ಪ್ರಯತ್ನಿಸುವುದೇ ಮೇಲು. ಅವಸರದಲ್ಲಿ "ಬೇಗ ಫಲಿತಾಂಶ ನೋಡಿ" ಎನ್ನುವ ಅಪರಿಚಿತ ಲಿಂಕ್ ಒತ್ತಬೇಡಿ, ಅಲ್ಲಿ ನೋಂದಣಿ ಸಂಖ್ಯೆ, ಒಟಿಪಿ ಕೊಡಬೇಡಿ.

ಒಟ್ಟಿನಲ್ಲಿ

ನಿಧಾನವಾದ ಪುಟಕ್ಕೆಲ್ಲ ಫೋನ್ ಹೊಣೆಯಲ್ಲ. ನಿಧಾನವಾದ ಕ್ವೆರಿಗೆಲ್ಲ ಫಂಕ್ಷನ್ ಕೂಡ ಹೊಣೆಯಲ್ಲ. ಅಳೆದು ನೋಡಿ ಕಾರಣ ಪತ್ತೆಹಚ್ಚುವುದು, ಸರಿಪಡಿಸುವುದು ವೆಬ್‌ಸೈಟ್ ನಡೆಸುವವರ ಕೆಲಸ. ಮುಂದಿನ ಬಾರಿ "ಕ್ಯಾಶ್ ಅಳಿಸಿ" ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ನೆನಪಿಸಿಕೊಳ್ಳಿ.